ಗಾಜಿನ ಕಂಬಿ, ಬೂದಿ ಕಂಬ

ನಮ್ಮ ಸೋದರಮಾವನ ಮನೆಗೆ ಹೋಗುವವರು ಚಪ್ಪಲಿ ಹೊರಗೆ ಬಿಟ್ಟರೆ ಸಾಲದು, ತುಕ್ಕನ್ನೂ ಹೊರಗೇ ಬಿಟ್ಟು ಬರಬೇಕು! ಬೀರೂರಿನಲ್ಲಿ ರೈಲ್ವೆ ಸೇತುವೆಗಳ ತುಕ್ಕು ಕೆರೆಸಿ ಬಣ್ಣ ಹೊಡೆಸುವುದರಲ್ಲೇ ಸರ್ವಿಸ್ ಮುಗಿಸಿದ ಮನುಷ್ಯ. ತರೀಕೆರೆಯಿಂದ ನನ್ನನ್ನು ನೋಡಲು ಹುಡುಗ ಬಂದಾಗ ಮನೆಯವರೆಲ್ಲ ಅವನ ಮುಖ ನೋಡುತ್ತಿದ್ದರೆ, ಮಾವ ಮಾತ್ರ ಅಂಗಳದಲ್ಲಿ ಕುಕ್ಕರುಗಾಲಲ್ಲಿ ಕೂತು ಅವನ ಬೈಕಿನ ಸೈಲೆನ್ಸರ್ ಕೆರೆಯುತ್ತಿದ್ದರು. "ಹುಡುಗ ಚಿನ್ನ ಕಣಮ್ಮ, ಆದ್ರೆ ಸೈಲೆನ್ಸರ್ ಹೋಗ್ಬಿಟ್ಟಿದೆ. ಯೋಚ್ನೆ ಮಾಡು" ಅಂದರು! ಪಾಪ, ಹುಡುಗ ಸೈಲೆನ್ಸರ್ ಬದಲಾಯಿಸಿಕೊಂಡು ಬಂದ ಮೇಲೆಯೇ ನನ್ನ ಮದುವೆ ನಿಕ್ಕಿಯಾದದ್ದು.

ಇಂಥವರ ಮನೆಗೇ ತುಕ್ಕು ಹಿಡಿಯಬೇಕೆ? ಹಿಡಿಯಿತು! ಯಗಟಿಯಲ್ಲಿ ಮಾವ ಮತ್ತು ಅವರ ಅಕ್ಕ, ಅಂದರೆ ನಮ್ಮ ದೊಡ್ಡಮ್ಮ, ಒಟ್ಟಿಗೆ ಇದ್ದರು. ಬೋರ್‌ವೆಲ್ಲಿನ ಉಪ್ಪುನೀರಲ್ಲಿ ಸಿಮೆಂಟು ಕಲಸಿ ಕಟ್ಟಿದ ಮನೆ. ಒಳಗಿನ ಕಬ್ಬಿಣ ಉಬ್ಬಿ, ಒಂದು ದಿನ ತಾರಸಿಯ ಚಕ್ಕೆ ದೊಡ್ಡಮ್ಮನ ದಿಂಬಿನ ಪಕ್ಕಕ್ಕೇ ಬಿತ್ತು. ಅವತ್ತಿನಿಂದ ಅವರು ಯಾವ ತಾರಸಿಯ ಕೆಳಗೂ ಮಲಗಲಿಲ್ಲ. ಅಂಗಳದಲ್ಲಿ ತೆಂಗಿನಗರಿ ಚಪ್ಪರ, ಅದರಡಿ ಚಾಪೆ. ಚಳಿ ಬಂದರೆ ಬೀದಿಗೆಲ್ಲ ಕೇಳುವ ಕೆಮ್ಮು. ತಾಯಿಯಿಲ್ಲದ ಮಾವನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದ ಅಕ್ಕ ಅವರು. "ನಮ್ಮಕ್ಕನ್ನ ಒಳಗೆ ಮಲಗಿಸ್ಲಿಲ್ಲ ಅಂದ್ರೆ ನನ್ ಸರ್ವಿಸ್ಸೆಲ್ಲಾ ದಂಡ ಕಣೇ" ಎಂದು ಮಾವ ನನ್ನ ಮುಂದೆ ಕಣ್ಣೊರೆಸಿಕೊಂಡರು.

ಹಳೆಯದನ್ನು ಕೆಡವಿ ಹೊಸ ಮನೆಗೆ ಕೈಹಾಕಿದರು. ಕಬ್ಬಿಣ ಬೇಡವೇ ಬೇಡ! ಅದರ ಬದಲು ತುಕ್ಕೇ ಹಿಡಿಯದ ಗಾಜಿನ ನಾರಿನ ಕಂಬಿ ಬಂತು. ಹಗುರವಾದ ಆ ಕಂಬಿಯ ಹೊರೆಯನ್ನು ಮಾವ ಕಬ್ಬಿನ ಜಲ್ಲೆಯಂತೆ ಹೆಗಲ ಮೇಲಿಟ್ಟುಕೊಂಡು ಊರೆಲ್ಲ ನೋಡುವಂತೆ ನಡೆದರು. ಅಜ್ಜಂಪುರದ ಮೇಸ್ತ್ರಿ ಅಭ್ಯಾಸಬಲದಿಂದ ಒಂದನ್ನು ಬಗ್ಗಿಸಲು ಹೋದ. ಅದು ಚಟ್ಟನೆ ಹಿಂದಕ್ಕೆ ಹಾರಿ ಅವನ ತಲೆಯ ಟವೆಲನ್ನು ಪಕ್ಕದ ಹಿತ್ತಲಿಗೆ ಎಸೆಯಿತು!

"ಇದೇನ್ ಸ್ವಾಮಿ, ಕಂಬಿನೋ ಬಿಲ್ಲೋ?"

"ಅದು ಬಗ್ಗಲ್ಲ ಕಣಯ್ಯ! ಕಂಬಿ ಸುತ್ತ ಹಾಕೋ ಉಂಗುರಾನೂ ಫ್ಯಾಕ್ಟರೀಲೇ ಮಾಡಿದ್ದು ತರ್ಸಿದೀನಿ. ಎಂಜಿನಿಯರ್ ಹೇಳಿದ್ ಹಂಗೆ ಒತ್ತೊತ್ತಾಗಿ ಕಟ್ಟು, ಆಗ್ಲೇ ಕಂಬಕ್ಕೆ ಬಲ."

ಸಿಮೆಂಟೂ ಹೊಸ ಜಾತಿಯದು. ಅದನ್ನು ಮಾಡುವಾಗ ಗಾಳಿಗೆ ಸೇರುವ ಇಂಗಾಲ ಕಡಿಮೆಯಂತೆ, ಆದರೆ ಬಲ ಬರುವುದು ನಿಧಾನವಂತೆ. ಸರಿ, ಕಂಬಗಳಿಗೆ ಬಾಣಂತನ ಶುರು! ಮಾವ ಗೋಣಿತಾಟು ಹೊದಿಸಿ, ಹೊತ್ತುಹೊತ್ತಿಗೆ ನೀರು ಕುಡಿಸಿ, ಬಿಸಿಲು ಬಡಿಯದಂತೆ ಕಾದರು. ಹತ್ತಿರ ನಿಂತು ಯಾರಾದರೂ ಸೀನಿದರೂ ಗದರುತ್ತಿದ್ದರು.

ಎಲ್ಲಾ ಸರಿ, ದೊಡ್ಡಮ್ಮ ಒಪ್ಪಬೇಕಲ್ಲ? "ಗಾಜಾ? ಕೈಯಲ್ಲಿರೋ ಬಳೆನೇ ಬಾಗಿಲಿಗೆ ತಾಗಿದ್ರೆ ಚೂರಾಗುತ್ತೆ. ನಾ ಒಲ್ಲೆ ಕಣೋ!" ಮಾವ ಇಂಗಾಲ, ತುಕ್ಕು, ನಾರು ಎಂದೆಲ್ಲ ಗಂಟಲು ಹರಿದುಕೊಂಡರು. ದೊಡ್ಡಮ್ಮ ಎಲೆಅಡಿಕೆ ಜಗಿದರು, ಅಷ್ಟೇ. ಕೊನೆಗೆ ಮೇಸ್ತ್ರಿ ಸುಮ್ಮನಿರಲಾರದೆ, "ಅಮ್ಮಾ, ಬರೀ ಗಾಜಲ್ಲ, ಸಿಮೆಂಟಿಗೆ ಬೂದಿ ಬೆರೆಸವ್ರೆ" ಅಂದ.

ದೊಡ್ಡಮ್ಮನ ಬಾಯಿ ಜಗಿಯುವುದನ್ನು ನಿಲ್ಲಿಸಿತು. "ಬೂದಿನಾ? ಕಂಬದೊಳಗೆ?"

ಅದು ಕರೆಂಟು ತಯಾರಿಸುವ ಕಡೆ ಕಲ್ಲಿದ್ದಲು ಸುಟ್ಟ ಬೂದಿ ಎಂದು ಹೇಳಲು ಮಾವ ಬಾಯಿ ತೆರೆದರು. ನಾನು ಅವರ ಕಾಲು ತುಳಿದೆ. ಅಷ್ಟರಲ್ಲಿ ದೊಡ್ಡಮ್ಮ ಚಪ್ಪರದಡಿ ಇಟ್ಟಿದ್ದ ದೇವರ ಪೆಟ್ಟಿಗೆಯಿಂದ ವಿಭೂತಿ ಗಟ್ಟಿ ತಂದು, ಒದ್ದೆ ಮಾಡಿ, ಒಂದೊಂದು ಕಂಬಕ್ಕೂ ಮೂರು ಬೆರಳು ಎಳೆದರು. ಕೊನೆಗೆ ಮೇಸ್ತ್ರಿಯ ಹಣೆಗೂ! "ಶಿವನೇ ಒಳಗೆ ನಿಂತವ್ನೆ ಅಂತ ಮೊದ್ಲೇ ಹೇಳ್ಬಾರ್ದೇನೋ, ಮಂಕೇ?" ಎಂದು ತಮ್ಮನನ್ನು ಬೈದರು.

ಗೃಹಪ್ರವೇಶದ ದಿನ ಊಟ ಮುಗಿಯಿತು. ಮಾವ ಮಾತ್ರ ಉಂಡಿರಲಿಲ್ಲ. ಅಂಗಳದ ಚಪ್ಪರದ ಕಡೆಗೇ ಕಣ್ಣು. ದೊಡ್ಡಮ್ಮ ಎದ್ದು ಚಾಪೆ ಸುತ್ತಿಕೊಂಡರು, ಹೊಸಿಲು ದಾಟಿದರು, ನಡುಮನೆಯ ಕಂಬದ ಬುಡದಲ್ಲಿ ಹಾಸಿ ಸೀರೆ ಸೆರಗು ಹೊದ್ದು ಮಲಗಿಯೇಬಿಟ್ಟರು. ಸ್ವಲ್ಪ ಹೊತ್ತಿಗೆ ಸಣ್ಣ ಗೊರಕೆ ಕೇಳಿಸಿತು.

ಆಗಲೇ ಕಡೂರಿನ ನೆಂಟರೊಬ್ಬರು ಬಂದು ಗಟ್ಟಿ ದನಿಯಲ್ಲಿ, "ಗಾಜಿನ ಕಂಬಿಯಂತಲ್ರೀ! ಎಷ್ಟು ಭಾರ ತಡೆಯುತ್ತೆ?" ಎಂದು ಕೇಳಿದರು. ಯಾವ ಪ್ರಶ್ನೆಗಾಗಿ ಮಾವ ಅಷ್ಟು ದಿನದಿಂದ ಬಾಯಿಪಾಠ ಮಾಡಿಕೊಂಡು ಕಾದಿದ್ದರೋ ಅದೇ ಪ್ರಶ್ನೆ! ಅವರು ಕೆನ್ನೆ ಒರೆಸಿಕೊಂಡು ಬೀಸಣಿಗೆ ಹಿಡಿದು ಅಕ್ಕನ ಪಕ್ಕ ಕೂತರು.

"ಮೆಲ್ಲಗೆ ಮಾತಾಡ್ರೀ," ಅಂದರು, "ನಮ್ಮಕ್ಕ ಒಳಗೆ ಮಲ್ಗವ್ಳೆ."