ನಾನೇ ಮುಳುಗಿಸಿದ ಮನೆ

ಒಮ್ಮೆ ಕಟ್ಟಿಸಿದ ಮನೆ ನಿಂತಲ್ಲೇ ನಿಂತಿರುತ್ತದೆ ಎಂದು ನಂಬಿದವರಲ್ಲಿ ನಾನೂ ಒಬ್ಬ. ವರ್ಷಕ್ಕೊಮ್ಮೆ ಸುಣ್ಣ ಹೊಡೆಸಬೇಕು, ಮಳೆಗೆ ಮುಂಚೆ ಹೆಂಚು ಸರಿಮಾಡಿಸಬೇಕು, ಗೆದ್ದಲು ಹಿಡಿದ ಚೌಕಟ್ಟಿಗೆ ಔಷಧಿ ಬಳಿಯಬೇಕು ಎನ್ನುವುದೆಲ್ಲ ಗೊತ್ತಿತ್ತು. ಮನೆ ಕೆಳಕ್ಕೆ ಹೋಗುತ್ತದೆ ಎನ್ನುವುದು ಮಾತ್ರ ಗೊತ್ತಿರಲಿಲ್ಲ. ನಮ್ಮದು ಹೋಯಿತು. ಭೂಮಿ ನಡುಗಲಿಲ್ಲ, ಪಾಯ ಕುಸಿಯಲಿಲ್ಲ. ಒಂದು ಅಂಗುಲವೂ ಅಲುಗಾಡದೆ ಮುಳುಗಿತು. ಮುಳುಗಿಸಿದವನು ನಾನು. ಮಂಡ್ಯದ ಒಂದು ಸಣ್ಣ ಪತ್ರಿಕೆಯಲ್ಲಿ ಮೂವತ್ತು ವರ್ಷ ಕೂತು ಊರವರ ತಪ್ಪುಗಳನ್ನೆಲ್ಲ ಬರೆದಿದ್ದೇನೆ. ನನ್ನದನ್ನೂ ಒಂದು ಸಲ ಬರೆದುಬಿಡುವುದು ಒಳ್ಳೆಯದು.

ಕೊಪ್ಪದಲ್ಲಿ ಬಸ್ಸು ಓಡಾಡುವ ರಸ್ತೆಗೆ ಮುಖ ಮಾಡಿ ಅಪ್ಪ ಕಟ್ಟಿಸಿದ ಮನೆ ಅದು. ರಸ್ತೆಯಿಂದ ಮೂರು ಮೆಟ್ಟಿಲು ಹತ್ತಿದರೆ ಕಲ್ಲು ಚಪ್ಪಡಿಯ ಜಗಲಿ, ಜಗಲಿ ದಾಟಿದರೆ ಬಾಗಿಲು. ಮನೆಯಲ್ಲಿ ಇದ್ದವರು ಮೂವರು: ಗದ್ದೆ ನೋಡಿಕೊಳ್ಳುತ್ತಿದ್ದ ಅಣ್ಣ ಪುಟ್ಟಸ್ವಾಮಿ, ಅತ್ತಿಗೆ ಜಯಮ್ಮ, ಮತ್ತು ನಾನು. ನಾನು ಮದುವೆಯಾಗಲಿಲ್ಲ. ರಾತ್ರಿ ಪಾಳಿಯವನಿಗೆ ಹೆಣ್ಣು ಸಿಗಲಿಲ್ಲ ಎನ್ನುವುದು ಅಧಿಕೃತ ಕಾರಣ. ನನ್ನನ್ನು ನೋಡಿದವರಿಗೆ ಬೇರೆ ಕಾರಣಗಳೂ ಹೊಳೆಯಬಹುದು. ಅಣ್ಣ ಆರಡಿಗೆ ಹತ್ತಿರದ ಆಳು, ನಾನು ಐದಡಿ ದಾಟಿದ್ದೇ ಸಾಧನೆ. ಗದ್ದೆಯಿಂದ ಬಂದ ಮೇಲೆ ಅಣ್ಣನ ಜಾಗ ಜಗಲಿಯ ಎಡಮೂಲೆ. ಅಲ್ಲಿ ಕೂತು ರಸ್ತೆಯಲ್ಲಿ ಹೋಗುವ ಪ್ರತಿಯೊಬ್ಬರನ್ನೂ ಮಾತಾಡಿಸುತ್ತಿದ್ದ. "ಯಾರ್ಲಾ ಅದು, ತಲೆ ಬಗ್ಗುಸ್ಕೊಂಡು ಓಯ್ತಿರದು? ಕೊಡಬೇಕಾದ್ದೇನಾದ್ರೂ ಇದ್ದದಾ?" ಎಂದರೆ ಹೋಗುವವನು ನಿಲ್ಲಲೇಬೇಕು. ಅಷ್ಟು ಹೊತ್ತಿಗೆ ಅತ್ತಿಗೆಯ ಕಾಫಿ ಬರುತ್ತಿತ್ತು. ಮನೆ ಇಟ್ಟುಕೊಂಡಿದ್ದಕ್ಕೆ ನಮಗೆ ಸಿಕ್ಕ ಲಾಭ ಏನೆಂದು ಯಾರಾದರೂ ಕೇಳಿದರೆ ನಾನು ಆ ಮೂಲೆಯನ್ನೇ ತೋರಿಸುತ್ತೇನೆ.

ಪತ್ರಿಕೆ ಸೇರಿದ ಹೊಸತರಲ್ಲಿ ನಾನು ಬರೆದ ಮೊದಲ ದೊಡ್ಡ ಸುದ್ದಿ ನಮ್ಮ ರಸ್ತೆಯ ಗುಂಡಿಗಳದು. ಆಶ್ಚರ್ಯವೆಂದರೆ ಕೆಲಸ ಆಯಿತು. ಜೆಲ್ಲಿ ಹರಡಿ, ರೋಲರ್ ಓಡಿಸಿ, ಟಾರು ಹಾಕಿದರು. ಊರವರು ನನ್ನ ಬೆನ್ನು ತಟ್ಟಿದರು. ಮನೆಯ ಒಂದು ಮೆಟ್ಟಿಲು ಮಾಯವಾಗಿದ್ದನ್ನು ಗಮನಿಸಿದವನು ಅಣ್ಣ ಒಬ್ಬನೇ. ಕೆಲವು ವರ್ಷ ಬಿಟ್ಟು ಮತ್ತೆ ಗುಂಡಿ, ಮತ್ತೆ ನನ್ನ ಸುದ್ದಿ, ಹಳೆಯ ಟಾರಿನ ಮೇಲೆ ಮತ್ತೆ ಜೆಲ್ಲಿ, ಮತ್ತೆ ಟಾರು. ಎರಡನೆಯ ಮೆಟ್ಟಿಲೂ ಹೋಯಿತು. "ಲೇ ರಾಜಾ, ನಿನ್ ಪೇಪರ್ರು ನಮ್ಮನೆ ಮುಳುಗುಸ್ತಾ ಅದೆ ಕಣ್ಲಾ. ಹಳೇ ಟಾರು ಕಿತ್ತಾಕಿ ಆಮೇಕೆ ಹೊಸಾದು ಹಾಕಿ ಅಂತ ಬರಿಯಕೆ ನಿಂಗೇನು ರೋಗ?" ಎಂದು ಅಣ್ಣ ಬೈದ. ಬರೆದೆ. ಪ್ರತಿ ಸಲವೂ ಸುದ್ದಿಯ ಕೊನೆಯ ಸಾಲಾಗಿ ಬರೆದೆ. ಆದರೆ ಜಾಹೀರಾತು ಬಂದು ಜಾಗ ಕಡಿಮೆಯಾದಾಗ ಸುದ್ದಿಯನ್ನು ಬಾಲದಿಂದ ಕತ್ತರಿಸುವುದು ನಮ್ಮ ಕಸುಬಿನ ನಿಯಮ. ಪ್ರತಿ ಸಲವೂ ಆ ಸಾಲೇ ಹೋಯಿತು. ಎರಡು ಸಲ ಕತ್ತರಿಸಿದವನು ನಾನೇ.

ಮೂರನೆಯ ಮೆಟ್ಟಿಲು ಹೋದ ವರ್ಷ ಮಳೆಯ ನೀರು ಒಳಗೆ ಬಂದು ಅಕ್ಕಿ ಮೂಟೆಯ ಕೆಳಗೆ ಕೂತಿತು. ಮನೆಯೊಳಗೆ ಮಣ್ಣು ತುಂಬಿಸಿ ನೆಲ ಎತ್ತರಿಸಿದೆವು. ಮುಂದೆ ಮತ್ತೆರಡು ಸಲ ಟಾರು ಬಿದ್ದ ಮೇಲೆ ಇನ್ನೊಮ್ಮೆ ಎತ್ತರಿಸಿದೆವು. ಹೊಸ ಟೈಲ್ಸು ಬಂತು, ಅತ್ತಿಗೆ ಖುಷಿಪಟ್ಟರು. ಆದರೆ ನೆಲ ಮೇಲೆ ಬಂದರೂ ಬಾಗಿಲ ಚೌಕಟ್ಟು ಇದ್ದಲ್ಲೇ ಇತ್ತು. ಅಣ್ಣ ದಿನಕ್ಕೆರಡು ಸಲ ಹಣೆ ಚಚ್ಚಿಕೊಳ್ಳುತ್ತಿದ್ದ. ಅರಿಶಿನದ ಡಬ್ಬಿ ಅಡುಗೆಮನೆ ಬಿಟ್ಟು ಬಾಗಿಲ ಪಕ್ಕದ ಗೂಡಿಗೆ ಬಂತು. "ಕುಳ್ಳ ನೀನು, ನಿನ್ ಅಳತೆಗೆ ಮನೆ ಮಾಡುಸ್ಕೊಂಡೆ," ಎಂದು ನನ್ನ ಮೇಲೆ ರೇಗುತ್ತಿದ್ದ. ಜಗಲಿಯನ್ನು ಮಾತ್ರ ಮುಟ್ಟಲು ಬಿಡಲಿಲ್ಲ. ಅಪ್ಪ ಕೂರಿಸಿದ ಚಪ್ಪಡಿ, ಅದು ಹಾಗೇ ಇರಲಿ ಎಂದ. ಮೂರು ಮೆಟ್ಟಿಲು ಹತ್ತಿ ಬರುತ್ತಿದ್ದ ನೆಂಟರು ಎರಡು ಮೆಟ್ಟಿಲು ಇಳಿದು ಬರತೊಡಗಿದರು.

ಆಮೇಲೆ ಅಣ್ಣನಿಗೆ ಲಕ್ವ ಹೊಡೆಯಿತು. ಮಾತು ಉಳಿಯಿತು; ಎಡಗಾಲು ಹೋಯಿತು, ಕತ್ತು ಮೇಲಕ್ಕೆ ಎತ್ತಲು ಆಗದಂತಾಯಿತು. ಬೆಳಿಗ್ಗೆ ಅವನನ್ನು ಜಗಲಿಯ ಮೂಲೆಗೆ ಕೂರಿಸಿದರೆ ರಸ್ತೆಯಲ್ಲಿ ಹೋಗುವವರ ಮೊಣಕಾಲಿನಿಂದ ಕೆಳಗಿನದಷ್ಟೇ ಅವನಿಗೆ ಕಾಣುತ್ತಿತ್ತು. ಅಷ್ಟರಲ್ಲೇ ಅವನು ಊರನ್ನು ಮತ್ತೆ ಕಲಿತ. "ಯಾಕ್ಲಾ, ಒಂದ್ ಚಪ್ಪಲಿ ಹೊಸಾದು, ಒಂದ್ ಹಳೇದು? ಮದ್ವೆಮನೇಲಿ ಕದ್ದಿದ್ಯಾ?" ಎಂದು ಕೇಳಿದರೆ ಮೇಲಿನಿಂದ ನಗು ಬರುತ್ತಿತ್ತು, ಮುಖ ಕಾಣುತ್ತಿರಲಿಲ್ಲ. ನಾನು ಬಸ್ಸಿಳಿದು ಬಂದರೆ ನಡಿಗೆ ನೋಡಿಯೇ ಹೇಳುತ್ತಿದ್ದ: "ಇವತ್ತು ಆಪೀಸಲ್ಲಿ ಬೈಸ್ಕೊಂಡು ಬಂದವ್ನೆ." ಒಂದು ಸಲವೂ ತಪ್ಪಲಿಲ್ಲ.

ಕಳೆದ ವರ್ಷ ಅಣ್ಣ ತೀರಿಕೊಂಡ. ಸಾವಿನ ಸುದ್ದಿಯನ್ನು ನಾಲ್ಕು ಸಾಲಿನಲ್ಲಿ ಮುಗಿಸುವುದು ನನಗೆ ಅಭ್ಯಾಸ. ಇದರಲ್ಲಿ ದಾಖಲಿಸಬೇಕಾದವು ಎರಡೇ ಸಂಗತಿ. ಚಟ್ಟವನ್ನು ಹೊರಗೆ ತರುವಾಗ ಅಣ್ಣನ ತಲೆ ಬಾಗಿಲಿಗೆ ತಾಗಲಿಲ್ಲ. ಬಗ್ಗಿದವರು ಹೊತ್ತ ನಾವು. ಎಲ್ಲ ಮನೆಗಳಲ್ಲಿ ಚಟ್ಟವನ್ನು ಜಗಲಿಯಿಂದ ಕೆಳಗೆ ಇಳಿಸುತ್ತಾರೆ. ನಾವು ಮೇಲಕ್ಕೆ ಎತ್ತಿಕೊಟ್ಟೆವು, ರಸ್ತೆಯಲ್ಲಿ ನಿಂತವರು ಕೈಚಾಚಿ ತೆಗೆದುಕೊಂಡರು. ನಮ್ಮದೇ ಗದ್ದೆಯ ಅಂಚಿನಲ್ಲಿ ಮಣ್ಣು ಮಾಡಿ ಬಂದೆವು.

ತಿಥಿ ಕಳೆದ ಮೇಲೆ ಮೇಸ್ತ್ರಿ ಕಾಳಯ್ಯ ಬಂದು ನೋಡಿದ. "ಜಗಲಿ ಮುಚ್ಚಿ ರಸ್ತೆ ಸಮ ಮಾಡ್ಲಿಲ್ಲ ಅಂದ್ರೆ ಬರೋ ಮಳೇಲಿ ನೀರು ನಿಂತು ಗೋಡೆ ಕೂತ್ಕೊತದೆ ಸಾ," ಎಂದ. ನಾನು ಲೆಕ್ಕಾಚಾರದ ಮನುಷ್ಯ, ಸರಿ ಎಂದೆ. ಒಳಗಿನಿಂದ ಅತ್ತಿಗೆ ಬಂದರು. ದನಿ ಏರಿಸಲಿಲ್ಲ.

"ಅವ್ರ ಮೇಲೆ ಒಂದ್ಸಲ ಮಣ್ಣಾಕಿದ್ದೀರಿ. ಸಾಲ್ದಾ?"

ಕಾಳಯ್ಯ ಅಳತೆಯ ಟೇಪು ಸುತ್ತಿಕೊಂಡು ಹೋದ. ಅಂದಿನಿಂದ ಅಣ್ಣನ ಮೂಲೆಯಲ್ಲಿ ಅತ್ತಿಗೆ ಕೂರತೊಡಗಿದರು.

ಈ ವರ್ಷ ರಸ್ತೆಯಲ್ಲಿ ಮತ್ತೆ ಗುಂಡಿ. ನಾಲ್ಕು ಜನ ಬಂದು "ನೀವು ಬರುದ್ರೆ ಆಯ್ತದೆ ಸಾ" ಎಂದರು. ಬರೆದರೆ ಏನಾಗುತ್ತದೆ ಎಂದು ನನಗಿಂತ ಚೆನ್ನಾಗಿ ಯಾರಿಗೂ ಗೊತ್ತಿರಲಿಲ್ಲ. ಇನ್ನೊಂದು ಪದರ ಬಿದ್ದರೆ ಜಗಲಿ ಉಳಿಯುವುದಿಲ್ಲ. ಕಡತವಿಲ್ಲ, ಅಧಿಕಾರಿ ಸಿಕ್ಕಲಿಲ್ಲ ಎಂದು ಮೂರು ವಾರ ತಳ್ಳಿದೆ. ನಾಲ್ಕನೆಯ ವಾರ, ಡೇರಿಗೆ ಹಾಲು ಒಯ್ಯುತ್ತಿದ್ದ ಹೆಂಗಸೊಬ್ಬಳು ನಮ್ಮ ಮನೆಯ ಎದುರಿನ ಗುಂಡಿಗೇ ಸ್ಕೂಟರ್ ಇಳಿಸಿ ಬಿದ್ದಳು. ಕೈ ಮುರಿಯಿತು. ಕ್ಯಾನಿನ ಹಾಲು ರಸ್ತೆಯಿಂದ ಹರಿದು ಜಗಲಿಗೆ ಬಂದು ಅತ್ತಿಗೆಯ ಕಾಲು ಮುಟ್ಟಿತು. ಆ ಸಂಜೆ ಅವರು ಚಪ್ಪಡಿ ತೊಳೆಯುತ್ತಾ ನನ್ನ ಮುಖ ನೋಡದೆ ಹೇಳಿದರು: "ಬರಿಯಪ್ಪಾ. ಅವ್ರಿದ್ದಿದ್ರೆ ನಿಂಗೆ ಇಷ್ಟೊತ್ತಿಗೆ ಉಗಿದಿರೋರು."

ಬರೆದೆ. ಹಳೆಯ ಟಾರು ಕಿತ್ತು ಹೊಸದು ಹಾಕಬೇಕು ಎಂಬುದನ್ನು ಈ ಸಲ ಮೊದಲ ಸಾಲಿಗೇ ಇಟ್ಟೆ. ಒಂದಕ್ಷರವೂ ಬಿಡದೆ ಅಚ್ಚಾಯಿತು. ಹತ್ತೇ ದಿನದಲ್ಲಿ ರೋಲರ್ ಬಂತು. ನನ್ನ ಬರಹಕ್ಕೆ ಇಷ್ಟು ಬೇಗ ಫಲ ಸಿಕ್ಕಿದ್ದು ಅದೇ ಮೊದಲು. ಹಳೆಯ ಟಾರನ್ನು ಯಾರೂ ಕೀಳಲಿಲ್ಲ. ಮೊದಲ ಸಾಲನ್ನು ಓದುವವರೂ ಕೊನೆಯ ಸಾಲನ್ನು ಓದುವಷ್ಟೇ ಜನ ಎಂದು ಆಗ ಗೊತ್ತಾಯಿತು.

ಅತ್ತಿಗೆ ಎರಡು ದಿನ ಹೊಸ ರಸ್ತೆಯನ್ನು ನೋಡಿದರು. ಮೂರನೆಯ ದಿನ "ಕಾಳಯ್ಯಂಗೆ ಬರಾಕೇಳು, ಮುಚ್ಚುಸ್ಬುಡು," ಎಂದರು. "ಅದಕ್ಕೆ ಮುಂಚೆ ಒಂದು ಪಟ ತೆಗಿ. ನಿನ್ ಪೇಪರ್ಲಿ ಹಾಕು. ಪೋನ್ಲಿ ಇದ್ರೆ ಕಳ್ದೋಯ್ತದೆ, ಪೇಪರ್ಲಿ ಬಂದ್ರೆ ಇರ್ತದೆ." ವರದಿಯಿಂದಾದ ಕೆಲಸದ ಚಿತ್ರ ಹಾಕುವುದು ನಮ್ಮಲ್ಲಿ ರೂಢಿ, ಆಫೀಸಿನವರೂ ಕೇಳಿದ್ದರು. ರಸ್ತೆಯ ಆಚೆ ಬದಿಗೆ ಹೋಗಿ ಮೊಬೈಲ್ ಹಿಡಿದೆ. ಅತ್ತಿಗೆ ಸೆರಗು ಸರಿಮಾಡಿಕೊಂಡು, ಎಡಮೂಲೆಯಲ್ಲಿ ಅಣ್ಣನಿಗೆ ಜಾಗ ಬಿಟ್ಟಂತೆ ಸ್ವಲ್ಪ ಪಕ್ಕಕ್ಕೆ ಕೂತರು. ಚಿತ್ರದಲ್ಲಿ ಕಪ್ಪಗೆ ಮಿನುಗುವ ರಸ್ತೆ, ಅದರ ಅಂಚಿನಲ್ಲಿ ಹೆಂಚಿನ ಸೂರು, ಸೂರಿನ ಕೆಳಗೆ ಅತ್ತಿಗೆಯ ತಲೆ ಮತ್ತು ಭುಜ.

ಸಂಜೆ ಆಫೀಸಿನಲ್ಲಿ ಪುಟ ನೋಡುತ್ತಿದ್ದವನು ನಾನೇ. ಸ್ವಂತ ಮನೆಯವರ ಚಿತ್ರವನ್ನು ಸುದ್ದಿಗೆ ಬಳಸಬಾರದು ಎಂದು ಎಷ್ಟೋ ಹುಡುಗರಿಗೆ ಪಾಠ ಹೇಳಿದ ಬಾಯಿ ನನ್ನದು. ಮೌಸು ಹಿಡಿದು ಚಿತ್ರದ ಅಂಚನ್ನು ಒಳಕ್ಕೆ ಎಳೆದೆ. ಸೂರು ಹೋಯಿತು, ಅತ್ತಿಗೆ ಹೋದರು, ಮೂಲೆ ಹೋಯಿತು. ರಸ್ತೆ ಉಳಿಯಿತು. ನಿಯಮದ ಪ್ರಕಾರ ಸರಿಯಾಗಿತ್ತು.

ಮರುದಿನ ಬೆಳಿಗ್ಗೆ ಅತ್ತಿಗೆ ಪತ್ರಿಕೆಯನ್ನು ಚಪ್ಪಡಿಯ ಮೇಲೆ ಹರಡಿ, ಕನ್ನಡಕ ಹಾಕಿಕೊಂಡು ತುಂಬ ಹೊತ್ತು ನೋಡಿದರು. ಹೊರಗೆ ಕಾಳಯ್ಯ ಮಣ್ಣಿನ ಟ್ರ್ಯಾಕ್ಟರ್ ನಿಲ್ಲಿಸಿಕೊಂಡು ಕಾಯುತ್ತಿದ್ದ.

"ಇದ್ರಲ್ಲಿ ನಮ್ಮನೆ ಎಲ್ಲಪ್ಪಾ?"

"ಜಾಗ ಸಾಲಲಿಲ್ಲ ಅತ್ತಿಗೆ," ಎಂದೆ.

"ಊಂ, ಬುಡು," ಎಂದು ಅವರು ಪತ್ರಿಕೆ ಮಡಚಿ, ಎಡಮೂಲೆಯ ಚಪ್ಪಡಿಯನ್ನು ಸೆರಗಿನಿಂದ ಒಮ್ಮೆ ಒರೆಸಿ ಎದ್ದರು. ಕಾಳಯ್ಯನಿಗೆ ಕೈ ಸನ್ನೆ ಮಾಡಿ ನಾನು ಒಳಗೆ ಹೋದೆ. ಬಾಗಿಲಲ್ಲಿ ತಲೆ ಬಗ್ಗಿಸಿದೆ. ನನ್ನ ಎತ್ತರದವನು ಬಗ್ಗಬೇಕಾದಷ್ಟು ಆ ಬಾಗಿಲು ಇನ್ನೂ ಕುಗ್ಗಿಲ್ಲ.