ಅಳಿಯನನ್ನು ಒಣಗಿಸಿದ ಅತ್ತೆ

ತನ್ನ ಸುಖದ ದಿನಗಳಲ್ಲಿ ಇದೇ ಕೊನೆಯದು ಎಂದು ಮನುಷ್ಯನಿಗೆ ಮೊದಲೇ ತಿಳಿಯುವುದಿಲ್ಲ. ತಿಳಿದಿದ್ದರೆ ಆ ಗುರುವಾರ ನಾನು ಏಳನೆಯ ರೊಟ್ಟಿಯನ್ನೂ ಹಾಕಿಸಿಕೊಳ್ಳುತ್ತಿದ್ದೆ. ಮರುದಿನ ಶುಕ್ರವಾರ, ಕಚೇರಿಗೆ ರಜೆ. ಆ ಸಂತೋಷಕ್ಕೆ ಆರು ಜೋಳದ ರೊಟ್ಟಿ, ಎಣ್ಣೆ ತೇಲುವ ಬದನೆಕಾಯಿ ಪಲ್ಯ, ಶೇಂಗಾ ಹಿಂಡಿ, ಮೇಲೆ ಕೆನೆಮೊಸರು ಮುಗಿಸಿ ಟಾಂಗಾ ಹತ್ತಿದೆ. ಟಾಂಗಾದ ಹುಸೇನಮಿಯಾ ಎಂದಿನಂತೆ, "ಸಾಹೇಬರ, ನಡುವ ಕೂಡ್ರಿ, ಇಲ್ಲಂದ್ರ ಕುದುರಿ ಮ್ಯಾಲ ಏಳ್ತದ," ಎಂದ. ನಾನೂ ಎಂದಿನಂತೆ ಅದನ್ನು ಮರ್ಯಾದೆಯ ಮಾತೆಂದೇ ತಿಳಿದೆ. ನಮ್ಮ ಕಡೆ ಮೈ ತುಂಬಿಕೊಂಡಿದ್ದಾನೆ ಎಂದರೆ ಮನೆ ಚೆನ್ನಾಗಿದೆ ಎಂದರ್ಥ. ನಿಜಾಮ ಸರಕಾರದ ತಹಶೀಲ ಕಚೇರಿಯಲ್ಲಿ ನಾನು ಬರೀ ಗುಮಾಸ್ತ. ಆದರೂ ಹೊಟ್ಟೆ ನೋಡಿದ ಹೊಸಬರು ಮೊದಲು ನನಗೆ ಸಲಾಮು ಮಾಡಿ, ಆಮೇಲೆ ತಹಶೀಲದಾರರನ್ನು ಹುಡುಕುತ್ತಿದ್ದರು. ಅಂದು ಕಚೇರಿಯ ಮೆಟ್ಟಿಲು ಅರ್ಧ ಹತ್ತುವಷ್ಟರಲ್ಲಿ ಉಸಿರು ಸಿಕ್ಕಲಿಲ್ಲ. ಕಣ್ಣಿಗೆ ಕತ್ತಲೆ ಬಂದು ಅಲ್ಲೇ ಕುಳಿತೆ. ಅದೇ ಟಾಂಗಾದಲ್ಲಿ ಕಲಬುರಗಿಯ ಗಾಜಿಪುರ ಓಣಿಯ ಮನೆಗೆ ತಂದರು. ಈ ಸಲ ಮಲಗಿಸಿಕೊಂಡು.

ನನ್ನ ಹೆಂಡತಿ ಹಕೀಮರಿಗಿಂತ ಮೊದಲು ಕಮಲಾಪುರಕ್ಕೆ, ತನ್ನ ತಾಯಿಗೆ ಹೇಳಿ ಕಳಿಸಿದಳು. ಮೂರನೆಯ ದಿನ ಚಕ್ಕಡಿ ಬಾಗಿಲಿಗೆ ಬಂತು. ಅತ್ತೆ ಎಂದೂ ಕಮಲಾಪುರದ ಕೆಂಪು ಬಾಳೆಯ ಗೊನೆಯಿಲ್ಲದೆ ಬಂದವರಲ್ಲ. ಈ ಸಲ ಒಂದು ಬಟ್ಟೆಗಂಟು ಹಿಡಿದು ಇಳಿದರು. ನನಗೆ ಅನುಮಾನ ಅಲ್ಲೇ ಬರಬೇಕಿತ್ತು.

ನಮ್ಮಲ್ಲಿ ಅತ್ತೆ ಅಳಿಯನ ಎದುರು ನಿಂತು ಮಾತಾಡುವಂತಿಲ್ಲ. ಸೆರಗು ಹಣೆಯವರೆಗೆ ಎಳೆದುಕೊಂಡು ಬಾಗಿಲ ಹಿಂದೆ ನಿಲ್ಲಬೇಕು. ಹೇಳುವುದಿದ್ದರೆ ಮಗಳಿಗೆ ಹೇಳಬೇಕು, ಮಗಳು ಇಲ್ಲದಿದ್ದರೆ ಕಂಬಕ್ಕೆ. ಇನ್ನು ಉಣ್ಣಲು ಕುಳಿತ ಅಳಿಯನಿಗೆ ಸಾಕು ಎನ್ನುವ ಅತ್ತೆಯನ್ನಂತೂ ಈ ಸೀಮೆಯಲ್ಲಿ ಯಾರೂ ಕಂಡಿಲ್ಲ. ಹೀಗೆ ಬಾಯಿಯೂ ಇಲ್ಲದೆ, ಬೇಡ ಎನ್ನುವ ಹಕ್ಕೂ ಇಲ್ಲದೆ ಒಬ್ಬ ಹೆಂಗಸು ನನ್ನಂಥ ದೇಹವನ್ನು ಇಳಿಸಿದ್ದು ನೆನೆದರೆ ಈಗಲೂ ಬೆರಗಾಗುತ್ತದೆ.

ಬಂದ ದಿನವೇ ಅವರು ಕಂಬಕ್ಕೆ ಹೇಳಿದರು: "ನಮ್ಮ ಮನಿಯವರೂ ಹಿಂಗೇ ಇದ್ರು, ಗುಡ್ಡದಂಗ. ನಾನೇ ತುಪ್ಪ ಹಾಕಿ ಹಾಕಿ ಉಣಿಸಿದೆ. ಬಾವಿ ಮೆಟ್ಟಲದಾಗ ಕುಂತವರು ಏಳಲೇ ಇಲ್ಲ. ಮಗಳ ಕೊರಳಾಗಿನ ತಾಳಿ ಉಳೀಲಿ, ನನಗ ಯಾರು ಏನರ ಅನ್ನಲಿ." ಕಂಬ ಏನೂ ಅನ್ನಲಿಲ್ಲ. ನಾನೂ ಅನ್ನಲಿಲ್ಲ, ರೊಟ್ಟಿ ಯಾವಾಗ ಬರುತ್ತದೆ ಎಂದು ನೋಡುತ್ತಿದ್ದೆ.

ಅಂದಿನಿಂದ ಒಲೆಯ ಮುಂದೆ ಅವರೇ. ತಾಟಿನಲ್ಲಿ ಮೊದಲೇ ಹಸಿ ಮೆಂತೆಸೊಪ್ಪು, ಮೂಲಂಗಿ, ಸೌತೆಕಾಯಿ, ಬೇಳೆ ಹಾಕಿದ ಪುಂಡಿಪಲ್ಯ ಕಾಯುತ್ತಿರುತ್ತಿದ್ದವು. ರೊಟ್ಟಿ ಒಂದು ಬರುತ್ತಿತ್ತು, ಎತ್ತಿ ಹಿಡಿದರೆ ಆಚೆಯ ಕಿಟಕಿ ಕಾಣುವಷ್ಟು ತೆಳ್ಳಗೆ. ಎರಡನೆಯದರ ಹೊತ್ತಿಗೆ ಒಲೆ ಆರಿರುತ್ತಿತ್ತು. "ಯಾಕವ್ವ ಒಲಿ, ಉರೀವಲ್ಲಿ? ಹಸಿ ಕಟಗಿ ತಂದು ಹಾಕ್ಯಾರ. ಅಳಿಯಂದೇರು ಹಸದು ಕುಂತಾರ, ಉರಿಯವ್ವ," ಎಂದು ಒಳಗೆ ಒಲೆಯನ್ನು ಬೇಡಿಕೊಳ್ಳುವುದು ಕೇಳುತ್ತಿತ್ತು. ಕಾಯುತ್ತ ನಾನು ಸೊಪ್ಪು ಮೇಯುತ್ತಿದ್ದೆ. ಮೂರನೆಯ ರೊಟ್ಟಿ ಬರುವಷ್ಟರಲ್ಲಿ ಹಸಿವು ಬೇಸತ್ತು ಎದ್ದುಹೋಗಿರುತ್ತಿತ್ತು. ಕಲಬುರಗಿಯ ಬೇಸಿಗೆಯಲ್ಲಿ ಕಟ್ಟಿಗೆ ಹಸಿಯಾಗಿರುವುದು ಹೇಗೆ ಎಂದು ನನಗೆ ಹೊಳೆಯಲು ಎರಡು ತಿಂಗಳು ಬೇಕಾಯಿತು.

ಜೊತೆಗೆ ಅವರ ಲಿಂಗಪೂಜೆಗೆ ದಿನಾ ಬೆಳಿಗ್ಗೆ ಬಿಲ್ವಪತ್ರಿ ಬೇಕು, ಅದೂ ನಿಜಾಮರ ಬಂಗಲೆ ಐವಾನ್-ಎ-ಶಾಹಿಯ ಆಚೆ ಬಯಲಿನಲ್ಲಿರುವ ಗಿಡದ್ದೇ. ಹಿರಿಯರ ಪೂಜೆಗೆ ಇಲ್ಲ ಎನ್ನಲಾದೀತೆ? ಮೊದಲ ವಾರ ದಾರಿಯ ಎಲ್ಲ ಕಟ್ಟೆಗಳ ಮೇಲೂ ಕುಳಿತು ಹೋದೆ. ಬರಬರುತ್ತ ಒಂದೊಂದೇ ಕಟ್ಟೆ ಬಿಟ್ಟುಹೋಯಿತು. ಹೀಗಿರುವಾಗ ಒಂದು ದಿನ ನಮ್ಮ ಓಣಿಯಲ್ಲೇ, ನಾಲ್ಕು ಮನೆ ಆಚೆ, ಒಬ್ಬರ ಹಿತ್ತಲಲ್ಲಿ ಪತ್ರಿ ಗಿಡ ಕಂಡೆ! ಸಿಟ್ಟಿನಿಂದ ಬಂದು, ಒಳಗೆ ಕೇಳಲೆಂದೇ ಹೆಂಡತಿಯ ಮೇಲೆ ಕೂಗಾಡಿದೆ. ಬಾಗಿಲ ಹಿಂದಿನಿಂದ ಕಂಬಕ್ಕೆ ಉತ್ತರ ಬಂತು: "ಕೈಗಿ ಸಿಗೋ ಪತ್ರಿ ದೇವರಿಗಿ ಏರಂಗಿಲ್ಲಪ್ಪ. ನಡದು ತಂದಿದ್ದಷ್ಟೇ ಏರ್ತದ." ಮರುದಿನವೂ ನಡೆದೆ.

ಆರು ತಿಂಗಳಲ್ಲಿ ಶೇರವಾನಿಯ ಗುಂಡಿಗಳು ಉಸಿರು ಬಿಗಿಹಿಡಿಯದೆಯೇ ಸೇರಿದವು. ಕಚೇರಿಯ ಮೆಟ್ಟಿಲು ನಿಲ್ಲದೆ ಹತ್ತಿದೆ. "ಎಲ್ಲಿ ಬೇಕಾದಲ್ಲಿ ಕೂಡ್ರಿ," ಎಂದ ಹುಸೇನಮಿಯಾ. ಆದರೆ ಓಣಿಯ ಕಣ್ಣಿಗೆ ಕಂಡದ್ದೇ ಬೇರೆ. ಅತ್ತೆ ಬಂದ ಮನೆಯಲ್ಲಿ ಅಳಿಯ ಉಬ್ಬಬೇಕು, ನಾನು ಒಣಗಿದ್ದೆ. ಎದುರುಮನೆಯ ರಾಯರು ಕಟ್ಟೆಯ ಮೇಲಿಂದಲೇ, "ಏನ್ರೀ ಗುಮಾಸ್ತರ, ಅತ್ತಿಯವರು ಬರೋವಾಗ ಬರಗಾಲನೂ ಚಕ್ಕಡ್ಯಾಗ ಹಾಕ್ಕೊಂಡು ಬಂದಾರೇನು?" ಎನ್ನುತ್ತಿದ್ದರು. ಬಾವಿಯ ಹತ್ತಿರ ಹೆಂಗಸರು ಅತ್ತೆಗೆ ಕೇಳುವ ಹಾಗೆಯೇ, "ಅಳಿಯನ ರೊಟ್ಟಿ ಎಣಸ್ತಾಳಂತವ್ವ, ಎಂಥ ಜಿಪುಣಿ!" ಎಂದು ಮಾತಾಡಿಕೊಳ್ಳುತ್ತಿದ್ದರು. ಅತ್ತೆ ಕೊಡ ತುಂಬಿಕೊಂಡು ಸುಮ್ಮನೆ ಬರುತ್ತಿದ್ದರು. ನಾನು ರಾಯರ ಮಾತಿಗೆ ನಕ್ಕೆ. ಗಂಡಸು ಹೊಟ್ಟೆ ಕರಗಿಸಿಕೊಳ್ಳಲು ಸೊಪ್ಪು ತಿನ್ನುತ್ತಿದ್ದಾನೆ ಎಂದು ಹೇಳಿಕೊಳ್ಳಲು ನನಗೆ ನಾಚಿಕೆಯಾಗಿತ್ತು. ಅದಕ್ಕಿಂತ ಅತ್ತೆ ಜಿಪುಣಿ ಎನ್ನಿಸಿಕೊಳ್ಳುವುದೇ ಸುಲಭವೆಂದು ಬಿಟ್ಟುಬಿಟ್ಟೆ.

ಅತ್ತೆ ಹೋದ ಚಳಿಗಾಲದಲ್ಲಿ ಕಮಲಾಪುರಕ್ಕೆ ಹೋದವರು ಅಲ್ಲೇ ಜ್ವರದಲ್ಲಿ ತೀರಿಕೊಂಡರು. ನಾನು ಹೆಗಲು ಕೊಟ್ಟೆ. ಊರ ಹೊರಗಿನವರೆಗೂ ಒಮ್ಮೆಯೂ ಏದುಸಿರು ಬರಲಿಲ್ಲ.

ಕಲಬುರಗಿಗೆ ಮರಳಿದ ಮೇಲೆ ರಾಯರು ಮಾತಾಡಿಸಲು ಬಂದರು. "ಪಾಪ, ಭಾಳ ಚೊಲೊ ಹೆಣ್ಣುಮಗಳ್ರೀ. ಕೈ ಒಂದು ಸ್ವಲ್ಪ ಬಿಗಿ, ಅಷ್ಟೇ," ಎಂದರು. ನನಗೆ ತಡೆಯಲಾಗಲಿಲ್ಲ. ಆರಿದ ಒಲೆ, ದೂರದ ಪತ್ರಿ, ಕಮಲಾಪುರದ ಬಾವಿ ಮೆಟ್ಟಿಲು, ಎಲ್ಲವನ್ನೂ ಹೇಳಿದೆ. ರಾಯರು, "ಮೊದಲ ಯಾಕ ಹೇಳಲಿಲ್ರೀ?" ಎಂದರು.

ಈಗ ಇಡೀ ಓಣಿಗೆ ಗೊತ್ತಿದೆ. ಬಾವಿಯ ಹೆಂಗಸರೂ ಅತ್ತೆಯನ್ನು ಹೊಗಳುತ್ತಾರೆ. ಹೇಳಿದ್ದನ್ನೇ ನಾನು ಮತ್ತೆ ಮತ್ತೆ ಹೇಳುತ್ತೇನೆ, ಅವರೂ ಬೇಸರವಿಲ್ಲದೆ ಕೇಳುತ್ತಾರೆ. ಬಾಗಿಲ ಹಿಂದೆ ನಿಂತು ಕೇಳಬೇಕಾಗಿದ್ದವರು ಇಲ್ಲ.