ಅತ್ತೆ ಹೇಳಿದ ಕ್ಲೈಮ್ಯಾಕ್ಸ್

ನಮ್ಮ ಅತ್ತೆಯಷ್ಟು ಸಿನಿಮಾ ನೋಡಿದ ಹೆಂಗಸು ಇಡೀ ಸಾಲಗಾಮೆ ಹೋಬಳಿಯಲ್ಲಿ ಇನ್ನೊಬ್ಬರಿಲ್ಲ. ಹಾಗೆಯೇ ಒಂದೇ ಒಂದು ಸಿನಿಮಾವನ್ನೂ ಪೂರ್ತಿ ನೋಡದ ಹೆಂಗಸೂ ಅವರೊಬ್ಬರೇ! ನಂಬಿಕೆ ಬರುತ್ತಿಲ್ಲವೇ? ನಮ್ಮೂರಿಗೆ ಬಂದು ಯಾರನ್ನಾದರೂ ಕೇಳಿ. ಹೇಳುತ್ತಾರೆ, ನಗುತ್ತಾರೆ, ಆಮೇಲೆ ಅತ್ತೆ ಎಲ್ಲಾದರೂ ಕೇಳಿಸಿಕೊಂಡರೋ ಎಂದು ಹಿಂದೆ ತಿರುಗಿ ನೋಡುತ್ತಾರೆ.

ಅತ್ತೆ ಎಂದರೆ ನಮ್ಮಪ್ಪನ ಅಕ್ಕ. ಮದುವೆಯಾದದ್ದೂ ಊರೊಳಗೇ. ಆಗ ಮಾವ ಸಂತೆಯ ದಿನ ಹಾಸನಕ್ಕೆ ಆಲೂಗಡ್ಡೆ ಹಾಕಿಕೊಂಡು ಹೋಗುತ್ತಿದ್ದರು, ಅತ್ತೆ ಜೊತೆಗೆ ಹೋಗುತ್ತಿದ್ದರು. ಮೂಟೆ ಖಾಲಿಯಾದ ಮೇಲೆ ಗಂಡ ಹೆಂಡತಿ ನೇರ ಮ್ಯಾಟಿನಿಗೆ. ಎಲ್ಲ ಚೆನ್ನಾಗಿಯೇ ನಡೆಯುತ್ತಿತ್ತು. ಆದರೆ ನಾಯಕನೂ ಖಳನಾಯಕನೂ ಕೊನೆಯ ಹೊಡೆದಾಟಕ್ಕೆ ಇಳಿದರೋ ಇಲ್ಲವೋ, ಮಾವ ಟವೆಲ್ ಕೊಡವಿಕೊಂಡು ಎದ್ದುಬಿಡುತ್ತಿದ್ದರು.

"ಏಳೇ, ಬಸ್ಸು ಓಗ್ಬುಡ್ತದೆ!"

ನಮ್ಮ ಮಾವನೇನು ಸಾಮಾನ್ಯ ಆಸಾಮಿಯೇ? ಆರಡಿ ಆಳು. ಹಗ್ಗ ಕಿತ್ತುಕೊಂಡು ಬರುವ ಹೋರಿಯನ್ನು ಒಂದೇ ಕೂಗಿಗೆ ನಿಲ್ಲಿಸುತ್ತಿದ್ದ ಗಂಟಲು. ಅವರು ಏಳು ಎಂದ ಮೇಲೆ ಮುಗಿಯಿತು. ಸಾಲಿನಲ್ಲಿ ಕೂತವರ ಕಾಲು ತುಳಿದು, ಅವರಿಂದ ಬೈಸಿಕೊಂಡು, ಇಬ್ಬರೂ ಹೊರಗೆ ಬರುತ್ತಿದ್ದರು.

ಮಾರನೆಯ ದಿನ ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತಾ ಊರ ಹೆಂಗಸರಿಗೆಲ್ಲ ಅತ್ತೆ ಅದೇ ಸಿನಿಮಾ ಹೇಳಬೇಕು. ನೋಡಿದ್ದು ಮುಕ್ಕಾಲು, ಹೇಳುವಾಗ ಮಾತ್ರ ಪೂರ್ತಿ! ಕೊನೆಯನ್ನು ಸ್ವಂತ ಖರ್ಚಿನಲ್ಲಿ ಕಟ್ಟಿಕೊಡುತ್ತಿದ್ದರು. ಅತ್ತೆಯ ಸಿನಿಮಾಗಳಲ್ಲಿ ಯಾರೂ ಸಾಯುವಂತಿಲ್ಲ. ಖಳನಾಯಕ ಜೈಲಿಗೂ ಹೋಗುವಂತಿಲ್ಲ; ಬುದ್ಧಿ ಬಂದು ಅರಕಲಗೂಡಿನ ಕಡೆ ಹೊಗೆಸೊಪ್ಪು ಬೆಳೆದುಕೊಂಡು ಇದ್ದುಬಿಡುತ್ತಾನೆ. ನಾಯಕನಿಗಾಗಿ ಜೀವ ತೇಯುವ ಎರಡನೇ ನಾಯಕಿಗೆ ಚನ್ನರಾಯಪಟ್ಟಣದ ಒಳ್ಳೆಯ ಮನೆತನದಲ್ಲಿ ಗಂಡು ಗೊತ್ತಾಗುತ್ತದೆ. ಹೀಗೆ ಎಷ್ಟು ಜನ ನಾಯಕಿಯರು ಚನ್ನರಾಯಪಟ್ಟಣದ ಸೊಸೆಯರಾದರೋ, ಆ ಊರಿನವರಿಗೇ ಗೊತ್ತಿಲ್ಲ!

ಇದರಿಂದ ನಾನು ಪಟ್ಟ ಪಾಡು ಬೇರೆಯೇ. ಹಾಸನದ ಹಾಸ್ಟೆಲಿನಲ್ಲಿ ಹುಡುಗರು ಒಂದು ಹಳೇ ಸಿನಿಮಾದ ಮಾತೆತ್ತಿ, ಆ ಹುಡುಗಿ ಬಾವಿಗೆ ಬಿದ್ದಳಲ್ಲ ಪಾಪ ಎಂದರು. ನಾನು ಮೇಜು ಗುದ್ದಿ, "ಬಾವಿಗೆ ಯಾಕೆ ಬೀಳ್ತಾಳೆ? ಚನ್ನರಾಯಪಟ್ಟಣಕ್ಕೆ ಕೊಟ್ರಲ್ಲ!" ಎಂದೆ. ಆ ಹಾಸ್ಟೆಲು ಬಿಡುವವರೆಗೂ ನನ್ನ ಹೆಸರು ಚನ್ನರಾಯಪಟ್ಟಣ.

ಈಗ ವಿಷಯಕ್ಕೆ ಬರುತ್ತೇನೆ. ಈಚೆಗೆ ನಮ್ಮೂರ ಯುವಕರು ಬಯಲಲ್ಲಿ ಸಿನಿಮಾ ತೋರಿಸಲು ಹೊರಟರು. ಜಾಗಕ್ಕೇನು ಬರವಿರಲಿಲ್ಲ. ಈಗೆಲ್ಲರೂ ರಾಗಿ ಒಕ್ಕುವುದು ಡಾಂಬರು ರಸ್ತೆಯ ಮೇಲೆ. ಕಣ ಖಾಲಿ ಬಿದ್ದಿತ್ತು. ಹಾಸನದಿಂದ ಪ್ರೊಜೆಕ್ಟರೂ ಬಿಳಿ ಪರದೆಯೂ ಬಾಡಿಗೆಗೆ ಬಂದವು. ಆದರೆ ಯಾವ ಸಿನಿಮಾ? ಹುಡುಗರಿಗೆ ಮಚ್ಚು ಲಾಂಗಿನದು ಬೇಕು. ಹಿರಿಯರಿಗೆ ದೇವರದು ಬೇಕು. ಹೆಂಗಸರ ಸಂಘದವರಿಗೆ ಅಳುವಂಥದ್ದು ಬೇಕು, ಆದರೆ ತೀರಾ ಅಳುವಂಥದ್ದು ಬೇಡ! ಮೀಟಿಂಗು ಹೊಡೆದಾಟಕ್ಕೆ ತಿರುಗುವ ಹೊತ್ತಿಗೆ ಯಾರೋ ಕೂಗಿದರು, "ಅತ್ತೆವ್ವ ಯೋಳ್ಲಿ ಕಣ್ರಲಾ. ಅವ್ವನಷ್ಟು ಪಿಚ್ಚರ್ ನೋಡಿರೋರು ಯಾರವ್ರೆ?" ಎಲ್ಲರೂ ಒಪ್ಪಿಬಿಟ್ಟರು.

ಆಯ್ಕೆ ಸಮಿತಿ ಎಂದರೆ ಅತ್ತೆ, ನಾನು ಮತ್ತು ನನ್ನ ಲ್ಯಾಪ್‌ಟಾಪು. ಅತ್ತೆಯ ನಿಯಮಗಳು ಕಠಿಣ. ಸಿನಿಮಾದಲ್ಲಿ ಊಟ ಹಾಕಿದ ಮೇಲೆ ಪಾತ್ರ ಊಟ ಮಾಡಲೇಬೇಕು. ತಟ್ಟೆಯ ಮುಂದೆ ಡೈಲಾಗು ಹೊಡೆದು ಎದ್ದು ಹೋದರೆ ಆ ಸಿನಿಮಾ ಫೇಲು. "ಅನ್ನ ಬುಟ್ಟು ಎದ್ನಲ್ಲ, ಇವ್ನು ಯಾವ ಸೀಮೆ ಈರೋ ಕಣ್ಲಾ?" ನಾಯಕಿ ಹಸುವಿನ ಬಲಗಡೆ ಬಿಟ್ಟು ಎಡಗಡೆ ಕೂತು ಹಾಲು ಕರೆದರೆ ಅದೂ ಫೇಲು. ಪಾಸಾದ ಸಿನಿಮಾಗಳದ್ದು ಇನ್ನೊಂದು ಕಥೆ. ಕೊನೆಯ ಹೊಡೆದಾಟ ಶುರುವಾದ ಕೂಡಲೇ ಅತ್ತೆ ಎದ್ದು ಚಪ್ಪಲಿ ಮೆಟ್ಟುತ್ತಿದ್ದರು.

"ಅತ್ತೆ, ಎಲ್ಲಿಗೆ? ಇದು ನಿಮ್ಮನೆ!"

"ಗೊತ್ತು ಕಣ್ಲಾ. ಕಾಲು ಕೇಳಲ್ವಲ್ಲ."

ಕೊನೆಗೆ ಆರಿಸಿದ್ದು ಅಣ್ಣತಮ್ಮಂದಿರು ಬೇರೆಯಾಗುವ ಒಂದು ಹಳೇ ಸಿನಿಮಾ. ಅತ್ತೆಯ ಬಾಯಲ್ಲಿ ಅದನ್ನು ಕೇಳದ ಮಗು ನಮ್ಮೂರಲ್ಲಿಲ್ಲ. ಕೊನೆಯಲ್ಲಿ ಹಾಸಿಗೆ ಹಿಡಿದ ತಾಯಿ ಎದ್ದು ಕೂತು, ಒಂದು ಲೋಟ ನೀರು ಕುಡಿದು, "ಇಬ್ಬರೂ ಒಂದೇ ತಟ್ಟೇಲಿ ಉಣ್ಣಿ, ಆಮೇಲೆ ಬೇಕಾದ್ರೆ ಪಾಲಾಗಿ" ಎನ್ನುತ್ತಾಳೆ. ಉಂಡ ಮೇಲೆ ಪಾಲಿನ ಮಾತೇ ಇಲ್ಲ! ನಮ್ಮೂರಲ್ಲಿ ನಿಜವಾಗಿಯೂ ಜಗಳವಾಡಿದ ಅಣ್ಣತಮ್ಮಂದಿರನ್ನು ಹೀಗೆ ಒಂದೇ ತಟ್ಟೆಗೆ ಕೂರಿಸಿದ್ದುಂಟು.

ಪೆನ್‌ಡ್ರೈವ್ ಸರಿಯಿದೆಯೇ ಎಂದು ನಾನೊಬ್ಬನೇ ಕೂತು ಕೊನೆಯವರೆಗೂ ನೋಡಿದೆ. ತಾಯಿ ಸತ್ತುಹೋದಳು! ನೀರೂ ಇಲ್ಲ, ತಟ್ಟೆಯೂ ಇಲ್ಲ. ಇಷ್ಟು ವರ್ಷ ಊರು ನಂಬಿದ ಅತ್ತೆ, ಊರ ಮುಂದೆಯೇ ಸುಳ್ಳುಗಾತಿ ಆಗಿಬಿಡುತ್ತಾರಲ್ಲ! ಓಡಿದೆ.

"ಅತ್ತೆ, ಬೇರೆ ಸಿನಿಮಾ ಹಾಕೋಣ. ಇದರ ಕೊನೆ ಬೇರೆ ಥರ..."

"ಕೊನೆ ನಂಗೊತ್ತು, ಓಗ್ಲಾ," ಎಂದು ಸೊಪ್ಪು ಸೋಸುತ್ತಾ ಕೂತರು.

ಇದು ಸಾಲದೆಂದು ಹೊಳೆನರಸೀಪುರದ ಬೀಗರು ಬೇರೆ ಬಂದಿಳಿದರು. ಅತ್ತೆಯ ಮಗಳ ಮಾವ. ಅವರ ಮನೆ ಟಾಕೀಸಿನ ಹಿಂದಿನ ಬೀದಿಯಲ್ಲೇ ಇದ್ದುದರಿಂದ ಬಸ್ಸಿನ ಹಂಗಿಲ್ಲದೆ ಸಿನಿಮಾ ನೋಡಿದ ಪುಣ್ಯಾತ್ಮರು. ಇಪ್ಪತ್ತು ಜನರ ಮುಂದೆಯೇ ಹೇಳಿಬಿಟ್ಟರು, "ಬೀಗಿತ್ತಮ್ಮಾ, ಈ ಪಿಚ್ಚರ್ನಾಗೆ ತಾಯಿ ಸಾಯ್ತಾಳೆ. ನಾನು ಕಣ್ಣಾರೆ ನೋಡೀನಿ. ಇವತ್ತು ನಿಮ್ ಬಂಡವಾಳ ಬಯಲಾಯ್ತದೆ!"

"ನೋಡೋವ್ರಂತೆ ಕೂತ್ಕಳಿ ಬೀಗ್ರೇ. ಮೊದ್ಲು ಕಾಪಿ ಕುಡೀರಿ," ಎಂದರು ಅತ್ತೆ.

ಸಂಜೆಗತ್ತಲಾಗುತ್ತಲೇ ಕಣದ ತುಂಬ ಚಾಪೆ, ಕಡಲೆಪುರಿ. ಕೊರವಂಗಲದಿಂದಲೂ ನೆಂಟರು ಬಂದಿದ್ದರು. ಸಿನಿಮಾ ಅದ್ಭುತವಾಗಿ ಓಡಿತು. ಪರದೆಯವರಿಗಿಂತ ಮೊದಲೇ ಜನ ಡೈಲಾಗು ಹೇಳುತ್ತಿದ್ದರು. ಕೊನೆಯ ಹೊಡೆದಾಟ ಬಂತು. ಮುಂದಿನ ಸಾಲಿನಲ್ಲಿದ್ದ ಅತ್ತೆ ಎದ್ದು, ಸೆರಗು ಕೊಡವಿ, ಪರದೆಗೆ ಬೆನ್ನು ಹಾಕಿ ನಿಂತರು. ಅತ್ತೆ ಎದ್ದರೆಂದರೆ ಸಿನಿಮಾ ಮುಗಿಯಿತೆಂದೇ ಲೆಕ್ಕ. ಹೆಂಗಸರೆಲ್ಲ ಎದ್ದು ಚಾಪೆ ಸುತ್ತತೊಡಗಿದರು!

"ಕೂತ್ಕಳ್ರವ್ವಾ! ಈಗ್ಲೇ ಇರೋದು!" ಎಂದು ಬೀಗರು ಕುಣಿದಾಡಿ ಎಲ್ಲರನ್ನೂ ಕೂರಿಸಿದರು. ಅತ್ತೆ ಮಾತ್ರ ನಿಂತೇ ಇದ್ದರು. ಅವರ ಬೆನ್ನ ಹಿಂದೆ, ಅಷ್ಟೆತ್ತರದ ಪರದೆಯ ಮೇಲೆ, ತಾಯಿಯ ತಲೆ ಪಕ್ಕಕ್ಕೆ ವಾಲಿತು.

ಬೀಗರು ಮೀಸೆಯ ಮೇಲೆ ಕೈಯಾಡಿಸಿದರು. ನಾನು ತಲೆ ತಗ್ಗಿಸಿದೆ. ಆಗ ಹಿಂದಿನಿಂದ ಒಂದು ಮುದುಕಿಯ ದನಿ ಎದ್ದಿತು.

"ಲೇ, ಪಿಚ್ಚರ್ ತಪ್ಪೈತೆ ಕಣ್ರಲಾ!"

ಅಷ್ಟೇ! ಇಡೀ ಊರು ನನ್ನ ಮೇಲೆ ಬಿತ್ತು. "ಯಾವ್ದೋ ಡೂಪ್ಲಿಕೇಟ್ ತಂದವ್ನೆ!" "ಓದಿರೋನು, ಒಂದ್ ಪಿಚ್ಚರ್ ಸರ್ಯಾಗಿ ತರಕ್ಕೆ ಬರಾಕಿಲ್ವಾ?" "ನೀರು ಕುಡಿಯೋದು ಎಲ್ಲೋಯ್ತು?" ಬೀಗರು, "ಅಯ್ಯೋ, ಇದೇ ಅಸ್ಲಿ ಕಣ್ರಪ್ಪಾ!" ಎಂದು ಗಂಟಲು ಹರಿದುಕೊಂಡರು. ಕೇಳುವವರು ಯಾರು? ಪ್ರೊಜೆಕ್ಟರ್ ಆರಿಸಿಬಿಡು ಎಂದು ಊರೇ ಅಪ್ಪಣೆ ಕೊಟ್ಟಿತು. ಆರತಿ ತಟ್ಟೆ ಕೊಟ್ಟಂತೆ ಮೈಕನ್ನು ಎರಡು ಕೈಯಲ್ಲಿ ಅತ್ತೆಗೆ ಕೊಟ್ಟರು.

ಅತ್ತೆ ಹೇಳಿದರು ನೋಡಿ! ಹಿಂದೆ ಖಾಲಿ ಬಿಳಿ ಪರದೆ, ಮುಂದೆ ಮೈಕು. ತಾಯಿ ಕಣ್ಣು ಬಿಟ್ಟಳು, ನೀರು ಕುಡಿದಳು, ಒಂದೇ ತಟ್ಟೆಗೆ ಮುದ್ದೆ ಬಿತ್ತು. ಶಿಳ್ಳೆ, ಚಪ್ಪಾಳೆ! ಮಚ್ಚು ಲಾಂಗು ಬೇಕೆಂದಿದ್ದ ಹುಡುಗರು ಕಣ್ಣೊರೆಸಿಕೊಳ್ಳುತ್ತಿದ್ದರು. ಎಲ್ಲ ಮುಗಿದ ಮೇಲೆ ಬೀಗರು ಮೆಲ್ಲಗೆ ಎದ್ದು ಕೇಳಿದರು, "ಅಲ್ಲ ಬೀಗಿತ್ತಮ್ಮಾ... ಪಿಚ್ಚರ್ನಾಗಿನ ಆ ಕಿರೀ ಸೊಸೆ ಗತಿ ಏನಾಯ್ತು?"

ಊರು ಗೆದ್ದಿತು, ಅತ್ತೆ ಗೆದ್ದರು!

ಬೆಳಿಗ್ಗೆ ಜಗಲಿಯಲ್ಲಿ ಕಾಫಿ ಕುಡಿಯುತ್ತಾ ನಾನು ರೇಗಿಸಿದೆ. "ಅತ್ತೆ, ಮಾವ ಹೋಗಿ ಇಷ್ಟು ವರ್ಷ ಆಯ್ತು. ಇನ್ನಾದ್ರೂ ಕೊನೇವರೆಗೂ ಕೂತ್ಕೊಂಡು ನೋಡಿ. ಈಗ ಬಸ್ಸಿನ ಚಿಂತೆ ಇಲ್ಲವಲ್ಲ."

"ಬಸ್ಸಿನ ಚಿಂತೆ ಆಗ್ಲೂ ಇರ್ನಿಲ್ಲ ಕಣ್ಲಾ," ಎಂದರು ಅತ್ತೆ. "ಪಿಚ್ಚರ್ ಬುಟ್ಟು ಎಷ್ಟೋ ಒತ್ತಾದ್ಮೇಲೆ ಬತ್ತಿತ್ತು ನಮ್ ಬಸ್ಸು."

ನಾನು ಲೋಟ ಕೆಳಗಿಟ್ಟೆ.

"ನಿಮ್ಮಾವ ಮೂರೋ ನಾಕೋ ವರ್ಸದ ಕೂಸಿದ್ದಾಗ್ಲೇ ಅವ್ರವ್ವ ಓಗ್ಬುಟ್ಳು. ಪಿಚ್ಚರ್ನಾಗೆ ಯಾರಾದ್ರೂ ಸಾಯಂಗೆ ಕಂಡ್ರೆ ತಡ್ಕಳಕ್ಕೆ ಆಗ್ತಿರ್ನಿಲ್ಲ. ಅಷ್ಟು ದೊಡ್ಡಾಳು ಟಾಕೀಸ್ನಾಗೆ ಅಳಕ್ಕಾಯ್ತದಾ? ಅದ್ಕೆ ಬಸ್ಸು ಅನ್ನೋರು. ನಾನೂ ಊಂ, ಬಸ್ಸು ಅನ್ನೋಳು."

ಹೋರಿ ನಿಲ್ಲಿಸುತ್ತಿದ್ದ ಮಾವ!

"ಇಬ್ರೂ ಬಸ್‌ಸ್ಟ್ಯಾಂಡ್ನಾಗೆ ಕಡ್ಲೆಪುರಿ ತಿನ್ಕಂಡು ಕೂತಿರೋರು. ಆಮ್ಯಾಕೆ ನಿಮ್ಮಾವ ಆ ಕಡೆ ಮಕ ಮಾಡ್ಕಂಡು ಕೇಳೋರು, ಅವ್ವ ಉಳ್ಕತಾಳೇನೇ ಅಂತ."

"ನೀವೇನು ಹೇಳ್ತಿದ್ರಿ ಅತ್ತೆ?"

"ಉಳ್ಕತಾಳೆ ಬನ್ನಿ, ಬಸ್ಸು ಬಂತು ಅನ್ನೋಳು."